ಎರಡನೇ ಮಂಗಳವಾರದ ಸಭೆ

ಪರದೆಯ ಮೇಲೆ ಸಭೆ ನಡೆಸುವುದು ಹೇಗೆ ಎಂದು ಕಲಿಸುವವರು ಈಗ ಬಹಳ ಮಂದಿ. ನಿವೃತ್ತಳಾದ ಮೇಲೆ ಅಂಥದೊಂದು ತರಬೇತಿಗೆ ನನ್ನನ್ನೂ ಹುಬ್ಬಳ್ಳಿಗೆ ಕರೆದಿದ್ದರು. ಒಬ್ಬ ತರುಣ ಹತ್ತಾರು ಸೂತ್ರಗಳನ್ನು ಗೋಡೆಯ ಮೇಲೆ ಮೂಡಿಸಿ ಓದಿ ಹೇಳಿದ. ಬೆಳಕು ಮುಖದ ಮೇಲೆ ಬೀಳಬೇಕು, ಹಿಂದಿನ ಗೋಡೆ ಚೊಕ್ಕಟವಿರಬೇಕು, ಮಾತು ಚಿಕ್ಕದಿರಬೇಕು, ಹೇಳಿದ ಹೊತ್ತಿಗೆ ಮುಗಿಸಬೇಕು. ಎಲ್ಲವೂ ಸರಿಯೇ. ಆದರೆ ಆ ಮನೆಯಲ್ಲಿ ಫೋನು ಯಾರದು, ಅದರ ಪಕ್ಕದಲ್ಲಿ ಯಾರು ಕೂತಿರುತ್ತಾರೆ ಎಂಬ ಮಾತನ್ನು ಆತ ಎತ್ತಲೇ ಇಲ್ಲ. ನನಗೆ ಬಾಯಿ ಸುಮ್ಮನಿರುವುದಿಲ್ಲ, ಎದ್ದು ಕೇಳಿಬಿಟ್ಟೆ. "ಅದು ನಮ್ಮ ವಿಷಯದಲ್ಲಿ ಬರೋದಿಲ್ಲ ಮೇಡಂ" ಅಂದ. ಅಲ್ಲಿಂದ ಮನೆಗೆ ಬಂದವಳೇ ಇದನ್ನು ಬರೆಯಲು ಕೂತೆ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಓದಲಿ.

ಧಾರವಾಡದ ಒಂದು ಸಂಸ್ಥೆಯಲ್ಲಿ ನಾನು ಸುಮಾರು ಮೂವತ್ತು ವರ್ಷ ದುಡಿದೆ. ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಸ್ವಸಹಾಯ ಸಂಘ ಕಟ್ಟುವುದು, ಕಟ್ಟಿದ್ದು ಒಡೆಯದ ಹಾಗೆ ನೋಡಿಕೊಳ್ಳುವುದು, ಅವರು ಮಾಡಿದ ರೊಟ್ಟಿ, ಚಟ್ನಿಪುಡಿ, ಕೌದಿ, ಕಸೂತಿಗೆ ಗಿರಾಕಿ ಹುಡುಕುವುದು ನನ್ನ ಕೆಲಸ. ಬಡ್ತಿ ಯಾವಾಗ ಬಂತು, ಯಾರ ಕೈಯಿಂದ ಶಾಲು ಹೊದಿಸಿಕೊಂಡೆ ಎಂಬುದನ್ನೆಲ್ಲ ನನ್ನ ತಂಗಿಗೆ ಹೇಳಿಯಾಗಿದೆ, ಅವಳಿಗೂ ಕೇಳಿ ಸಾಕಾಗಿದೆ. ಇಲ್ಲಿ ಹೇಳಬೇಕಿರುವುದು ಪ್ರತಿ ತಿಂಗಳ ಎರಡನೇ ಮಂಗಳವಾರದ ಸಭೆಯ ವಿಷಯ, ಮತ್ತು ಹೆಬ್ಬಳ್ಳಿಯ ಶಾಂತವ್ವನ ವಿಷಯ. ನನ್ನ ಮಟ್ಟಿಗೆ ಅವೆರಡೂ ಬೇರೆ ಬೇರೆ ಅಲ್ಲ.

ನಮ್ಮ ಕಚೇರಿಯ ಹಿಂಬದಿಗೆ ಒಂದು ಉದ್ದನೆಯ ಕೋಣೆ ಇತ್ತು. ಜಮಖಾನೆ ಹಾಸಿದರೆ ಅದೇ ಸಭಾಂಗಣ. ಸುತ್ತಲಿನ ಎಂಟು ಹಳ್ಳಿಗಳ ಸಂಘಗಳಿಂದ ಒಬ್ಬೊಬ್ಬ ಪ್ರತಿನಿಧಿ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಕಾಲು ತೊಳೆದು, ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು ಕೂತರೆ ಮೊದಲು ಕ್ಷೇಮಸಮಾಚಾರ. ನಮ್ಮ ಕಡೆ ಅದು ಬಿಡುವಂಥದ್ದಲ್ಲ. ಎದುರಿಗೆ ಬಂದವರನ್ನು "ಆರಾಮೇನ್ರಿ" ಎಂದು ಕೇಳದೆ ಕೆಲಸದ ಮಾತೆತ್ತಿದರೆ ಅವರ ಮೇಲೆ ಏನೋ ಸಿಟ್ಟಿದೆ ಎಂದೇ ಅರ್ಥ. ಅವರೊಬ್ಬರನ್ನು ಕೇಳಿ ಕೈಬಿಡುವಂತೆಯೂ ಇಲ್ಲ. ಅತ್ತೆಯ ಮೊಣಕಾಲು, ಮಗಳ ಬಾಣಂತನ, ಎಮ್ಮೆಯ ಕರು, ಎಲ್ಲವನ್ನೂ ಒಂದೊಂದಾಗಿ ಕೇಳಬೇಕು, ಅವರೂ ನಮ್ಮ ಮನೆಯದನ್ನೆಲ್ಲ ಕೇಳಬೇಕು.

ಅಷ್ಟರಲ್ಲಿ ಅಮ್ಮಿನಬಾವಿಯ ರಜಿಯಾಬಿ ಬರುತ್ತಿದ್ದಳು. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿಗೆಲ್ಲ ಕುಪ್ಪಸ ಹೊಲಿಯುವವಳು, ಗಂಡ ಮೋಟರ್ ರಿಪೇರಿ ಮಾಡುವವನು. ಅವಳ ದನಿ ಗೇಟಿನಿಂದಲೇ ಒಳಗೆ ಬರುತ್ತಿತ್ತು, ಅವಳು ಆಮೇಲೆ ಬರುತ್ತಿದ್ದಳು. ಮಂಗಳವಾರ ತಪ್ಪದೆ ಬದನೆಕಾಯಿ ಎಣಗಾಯಿ ಮಾಡಿ ತರುತ್ತಿದ್ದಳು, ಎಲ್ಲರಿಗೂ ನಡೆಯಲಿ ಎಂದು. ಮಧ್ಯಾಹ್ನ ಎಲ್ಲರ ರೊಟ್ಟಿಗಂಟು ಬಿಚ್ಚಿ ನಡುವೆ ಹರವಿದರೆ ಯಾರ ರೊಟ್ಟಿ ಯಾರ ಬಾಯಿಗೆ ಹೋಯಿತೆಂದು ಕೇಳುವವರಿರಲಿಲ್ಲ.

ಒಮ್ಮೆ ಬೆಂಗಳೂರಿನ ಮುಖ್ಯ ಕಚೇರಿಯಿಂದ ನಮ್ಮ ಮೇಲಧಿಕಾರಿ ಮುರಳೀಧರ ಸರ್ ಬಂದರು. ಒಳ್ಳೆಯ ಮನುಷ್ಯ, ಆದರೆ ಗಡಿಯಾರದ ಮನುಷ್ಯ. ಬೆಳಗಿನಿಂದ ಮೂಲೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಊಟವಾಗಿ ಮಜ್ಜಿಗೆ ಕುಡಿಯುವಾಗ ನನ್ನ ಹತ್ತಿರ ಬಗ್ಗಿ ಮೆಲ್ಲಗೆ, "ಮೇಡಂ, ಮೀಟಿಂಗ್ ಯಾವಾಗ ಶುರು ಮಾಡ್ತೀರಿ?" ಎಂದು ಕೇಳಿದರು.

"ಮುಗೀತಲ್ಲ ಸರ್" ಅಂದೆ.

ಅವರಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಅನಿಸಿತು. ಖರೇನೇ ಮುಗಿದಿತ್ತು. ಎಮ್ಮೆಯ ಕರುವಿನ ವಿಷಯ ಕೇಳುವಾಗಲೇ ಯಾವ ಎರಡು ಊರಿನವರು ಮಾತು ಬಿಟ್ಟಿದ್ದಾರೆ ಎಂದು ತಿಳಿದಿತ್ತು. ಬಾಣಂತನದ ಮಾತಿನ ನಡುವೆ ಮುಂದಿನ ತಿಂಗಳ ರೊಟ್ಟಿ ಯಾವ ಊರಿನವರು ಮಾಡಬೇಕೆಂದು ತೀರ್ಮಾನವಾಗಿತ್ತು. ಜಗಳವಾಡಿದ್ದವರ ನಡುವೆ ರಜಿಯಾಬಿ ಎಣಗಾಯಿಯ ಡಬ್ಬಿ ಇಟ್ಟು, "ಇಬ್ರೂ ಇದರಾಗ ಕೈ ಹಾಕ್ರಿ, ಆಮ್ಯಾಲೆ ಮಾತಾಡ್ರಿ" ಎಂದು ಅದನ್ನೂ ಬಗೆಹರಿಸಿದ್ದಳು. ಸರ್ ಬೆಂಗಳೂರಿಗೆ ಹೋಗಿ, ಧಾರವಾಡದ ಸಭೆಗಳು ಸುಧಾರಿಸಬೇಕು ಎಂದು ಬರೆದು ಕಳಿಸಿದರು.

ಶಾಂತವ್ವ ಆ ಕೋಣೆಗೆ ಮೊದಲ ಸಲ ಬಂದದ್ದು ಅತ್ತೆಯ ಬೆನ್ನ ಹಿಂದೆ. ಹೆಬ್ಬಳ್ಳಿಯ ದೊಡ್ಡ ಒಕ್ಕಲುತನದ ಮನೆಯ ಸಣ್ಣ ಸೊಸೆ. ಹೆಸರು ಕೇಳಿದರೆ ಅತ್ತೆಯ ಮುಖ ನೋಡಿದಳು, ಅತ್ತೆಯೇ ಹೇಳಿದರು. ಆಮೇಲೆ ಅತ್ತೆಗೆ ಮೊಣಕಾಲು ನೋವು ಹೆಚ್ಚಾಗಿ ಬಸ್ಸು ಹತ್ತಲಾಗದೆ ಇವಳೊಬ್ಬಳನ್ನೇ ಕಳಿಸತೊಡಗಿದರು. ಒಂದು ವರ್ಷವಾಗುವಷ್ಟರಲ್ಲಿ ಆ ಕೋಣೆಯಲ್ಲಿ ಎಲ್ಲರಿಗಿಂತ ಜೋರಾಗಿ ನಗುವವಳು ಶಾಂತವ್ವ. ಊರಿನ ಮಂದಿಯ ನಡಿಗೆ, ಮಾತು ಎಲ್ಲ ಅಣಕಿಸಿ ತೋರಿಸುತ್ತಿದ್ದಳು. ನನ್ನದನ್ನೂ ಬಿಟ್ಟಿರಲಿಲ್ಲ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು "ಹೂಂ, ಮುಂದ?" ಎಂದು ನಾನು ಕೇಳುವುದನ್ನು ಎಲ್ಲರೆದುರು ಮಾಡಿ ತೋರಿಸಿದ್ದಳು. ಕೆಲಸದಲ್ಲೂ ಚುರುಕು. ಯಾವ ಊರಿನವರ ಚಟ್ನಿಪುಡಿ ಯಾಕೆ ಕೆಡುತ್ತಿದೆ ಎಂಬ ಮಾತು ಬಂದರೆ ಮೊದಲು ಬಾಯಿ ಹಾಕುವವಳು ಅವಳೇ.

ಒಂದು ಸಂಜೆ ಬಸ್ಸಿಗೆ ಕಾಯುತ್ತ ನಿಂತಾಗ ಅವಳು ನನಗೆ ಹೇಳಿದ ಮಾತು ಮರೆಯುವಂಥದ್ದಲ್ಲ.

"ಮನ್ಯಾಗ ನನ್ನ ಎಲ್ಲಾರೂ ಸಣ್ಣಾಕಿ ಅಂತಾರ್ರಿ ಅಕ್ಕಾರ. ಸಣ್ಣಾಕಿ ನೀರ ತಾ, ಸಣ್ಣಾಕಿ ಒಲಿ ಹಚ್ಚು. ತಿಂಗಳದಾಗ ಈ ಒಂದ ದಿವಸ ಅಷ್ಟ ನಾ ಶಾಂತವ್ವ ಆಗೋದು."

ಅವಳಿಗೆ ಬೇರೆಲ್ಲೂ ಹೋಗುವುದಿರಲಿಲ್ಲ. ತವರು ದೂರ. ಸಂತೆಗೆ ಗಂಡಸರು ಹೋಗುತ್ತಿದ್ದರು. ಅವಳ ಪಾಲಿಗೆ ಹೊರಗೆಂದರೆ ಎರಡನೇ ಮಂಗಳವಾರ. ಕಿಟಕಿಯ ಪಕ್ಕದ ಸೀಟು ಸಿಕ್ಕಿತೆಂದು ಅವಳು ಹೇಳಿಕೊಳ್ಳುತ್ತಿದ್ದ ಸಂಭ್ರಮ ನೋಡಿದರೆ ನಾನು ದಿನಾ ಬೈರಿದೇವರಕೊಪ್ಪದಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಬಯ್ದುಕೊಂಡು ಬರುತ್ತಿದ್ದುದಕ್ಕೆ ನಾಚಿಕೆಯಾಗುತ್ತಿತ್ತು.

ಆಮೇಲೆ ಕೊರೊನಾ ಬಂತು. ಕೋಣೆಗೆ ಬೀಗ ಬಿತ್ತು. ಮುಖ್ಯ ಕಚೇರಿಯಿಂದ ಅಪ್ಪಣೆಯಾಯಿತು, ಸಭೆ ನಿಲ್ಲಬಾರದು, ಇನ್ನು ಫೋನಿನಲ್ಲೇ ನಡೆಯಬೇಕು.

ಮೊದಲ ಸಭೆಯನ್ನು ನೆನೆಸಿಕೊಂಡರೆ ಈಗಲೂ ನಗು ತಡೆಯುವುದಿಲ್ಲ. ನನ್ನ ಮನೆಯ ಊಟದ ಮೇಜಿನ ಮೇಲೆ ಫೋನಿಟ್ಟು, ಒಳ್ಳೆಯ ಸೀರೆ ಉಟ್ಟು ಕೂತಿದ್ದೆ. ಲಿಂಕು ತೆರೆದರೆ ಪರದೆಯ ತುಂಬ ಕಿವಿಗಳು. ಒಂದರಲ್ಲಿ ಬುಗುಡಿ, ಇನ್ನೊಂದರಲ್ಲಿ ಬೆಂಡೋಲೆ. ಫೋನು ಅಂದಮೇಲೆ ಕಿವಿಗೆ ಹಿಡಿಯಬೇಕಲ್ಲ, ಎಲ್ಲರೂ ಹಾಗೇ ಹಿಡಿದಿದ್ದರು. "ಫೋನ್ ಮುಖದ ಮುಂದ ಹಿಡೀರವಾ" ಎಂದು ನಾನು ಕೂಗುವುದು, "ಆಂ? ಕೇಳವಲ್ದು" ಎಂದು ಅವರು ಇನ್ನಷ್ಟು ಒತ್ತಿ ಹಿಡಿಯುವುದು. ಕೊನೆಗೆ ಮುಖಗಳು ಕಂಡವು. ಕಂಡ ಕೂಡಲೇ ಕ್ಷೇಮಸಮಾಚಾರ ಶುರು. ಎಷ್ಟೋ ದಿನದ ಮೇಲೆ ಕಂಡಿದ್ದೇವೆ, ರೋಗದ ಕಾಲ ಬೇರೆ, ಯಾರನ್ನು ಬಿಡುವುದು? ನಾವು ಬಳಸುತ್ತಿದ್ದುದು ಪುಕ್ಕಟೆ ಲಿಂಕು, ಇಷ್ಟೇ ಹೊತ್ತು ಎಂದು ಅದಕ್ಕೊಂದು ಮಿತಿ. ಕೊನೆಯ ಊರಿನವಳ ಎಮ್ಮೆಯ ತನಕ ಬರುವಷ್ಟರಲ್ಲಿ ಅದು ಕಡಿದುಹೋಯಿತು. ಕೆಲಸದ ಒಂದು ಮಾತೂ ಆಗಲಿಲ್ಲ.

ಎರಡನೇ ಸಭೆಗೆ ಮುರಳೀಧರ ಸರ್ ಬೆಂಗಳೂರಿನಿಂದ ಸೇರಿಕೊಂಡರು. ಅವರ ಮುಖ ಪರದೆಯ ಮೇಲೆ ಬಂದದ್ದೇ ತಡ, ನಾನು ಅಭ್ಯಾಸಬಲದಿಂದ ಎದ್ದು ನಿಂತೆ. ನಾನು ನಿಂತದ್ದು ನೋಡಿ ಉಳಿದವರೂ ನಿಂತರು. ದೊಡ್ಡವರು ಬಂದಾಗ ಕೂತಿರುವುದು ಹೇಗೆ? ಸರ್ ಅವರಿಗೆ ಕಂಡದ್ದು ಸೀರೆಯ ನಿರಿಗೆಗಳು ಮಾತ್ರ. "ಮೇಡಂ, ಎಲ್ಲ ಎಲ್ಲಿ ಹೋದ್ರಿ?" ಎಂದು ಅವರು ಗಾಬರಿಯಾಗಿ ಕೇಳುತ್ತಿದ್ದರು. ಕೂರಿ ಎಂದು ಅವರಿಗೆ ಹೊಳೆಯಲಿಲ್ಲ, ಕೂರಿ ಎನ್ನದೆ ನಾವು ಕೂರಲಿಲ್ಲ. ಸ್ವಲ್ಪ ಹೊತ್ತು ನಿರಿಗೆಗಳೇ ಸಭೆ ನಡೆಸಿದವು.

ನನಗೆ ಹಟ ಬಂತು. ಎದುರಾ ಎದುರು ಕೂತಾಗ ಆಗುತ್ತಿದ್ದುದು ಇಲ್ಲಿ ಯಾಕೆ ಆಗಬಾರದು? ಒಂದೊಂದೇ ಕಲಿತೆ. ಸಭೆಯ ಹಿಂದಿನ ದಿನ ಎಲ್ಲರಿಗೂ ಫೋನು ಹಚ್ಚಿ ಕ್ಷೇಮಸಮಾಚಾರವನ್ನು ಪೂರ್ತಿಯಾಗಿ ಕೇಳಿಬಿಡುತ್ತಿದ್ದೆ. ಸಭೆಯಲ್ಲಿ ಹೆಸರು ಹಿಡಿದು ಒಂದೇ ಮಾತು, "ಗೌರವ್ವ, ಕರು ಹಾಲ ಕುಡೀತೇನ?" ಅಷ್ಟಕ್ಕೆ ಅವಳ ಮುಖ ಅರಳುತ್ತಿತ್ತು. "ಯಾರಿಗಾದರೂ ಏನಾದರೂ ಕೇಳುವುದಿದೆಯೇ" ಎಂಬ ಪ್ರಶ್ನೆಯನ್ನು ಬಿಟ್ಟೇಬಿಟ್ಟೆ. ಪರದೆಯ ಮೇಲೆ ಯಾರಿಗಾದರೂ ಎಂದರೆ ಯಾರಿಗೂ ಅಲ್ಲ. ಹೊತ್ತನ್ನು ಕಚೇರಿಯ ಅನುಕೂಲಕ್ಕೆ ಇಡದೆ, ಮಧ್ಯಾಹ್ನ ಮುಸುರೆ ತೊಳೆದಾದ ಮೇಲೆ, ಎಮ್ಮೆ ಹಿಂಡುವ ಮೊದಲು ಇಟ್ಟೆ. ಬರೀ ಮಾತಾದರೆ ನಿದ್ದೆ ಬರುತ್ತದೆ, ಅದಕ್ಕೆ ಆ ತಿಂಗಳು ಮಾಡಿದ್ದನ್ನು ಎಲ್ಲರೂ ಪರದೆಗೆ ಹಿಡಿದು ತೋರಿಸಬೇಕೆಂದೆ. ರಜಿಯಾಬಿ ರೊಟ್ಟಿಯನ್ನು ಕ್ಯಾಮೆರಾಕ್ಕೆ ಹಿಡಿದು ಅದರ ಹಿಂದಿನಿಂದ ಮಾತಾಡಿದಳು, ರೊಟ್ಟಿಯೇ ಮಾತಾಡಿದ ಹಾಗಾಗಿ ಎಲ್ಲರೂ ನಕ್ಕರು. ತಿಂಗಳಿಗೊಂದು ಊರಿನವರು ಸಭೆ ನಡೆಸಬೇಕು, ನಾನು ಕೇಳುವವಳು ಎಂದು ಗೊತ್ತುಮಾಡಿದೆ. ನಡೆಸುವ ಸರದಿ ಬಂದವಳು ಆ ದಿನ ತಲೆ ಬಾಚಿಕೊಂಡು ಹೂ ಮುಡಿದು ಕೂಡುತ್ತಿದ್ದಳು.

ಎಲ್ಲರೂ ಮಾತಿಗೆ ಬಂದರು. ಬಾರದವಳು ಶಾಂತವ್ವ ಒಬ್ಬಳೇ.

ಮುಖ ಕಾಣುತ್ತಿತ್ತು, ಸೆರಗು ತಲೆಯ ಮೇಲೆ ಹಣೆಯ ತನಕ ಬಂದಿರುತ್ತಿತ್ತು. ಏನು ಕೇಳಿದರೂ "ಹೂಂ ರೀ", "ಆತ್ರಿ". ಅವಳ ಊರಿನ ಸರದಿ ಬಂದಾಗ ಬರೆದುಕೊಂಡದ್ದನ್ನು ತಗ್ಗಿದ ದನಿಯಲ್ಲಿ ಓದಿ ಮುಗಿಸಿದಳು. ಇವಳು ಅದೇ ಶಾಂತವ್ವನೇ ಎಂದು ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಸಿಗ್ನಲ್ ಸಮಸ್ಯೆ ಅಂದುಕೊಂಡೆ. ಆಮೇಲೆ ನನ್ನ ಮೇಲೇನಾದರೂ ಬೇಸರವೇ ಎಂದು ಅಳುಕಾಗಿ ರಜಿಯಾಬಿಗೆ ಫೋನು ಹಚ್ಚಿದೆ.

"ಶಾಂತವ್ವಗ ನನ್ನ ಮ್ಯಾಲೆ ಸಿಟ್ಟೇನ ಬೇ? ಬಾಯಿನ ಬಿಡವಲ್ಲಳು."

"ನಿಮ್ಮ ಮ್ಯಾಲೆ ಯಾಕ ಸಿಟ್ಟಾಗ್ತಾಳ್ರಿ ಅಕ್ಕಾರ? ಆ ಫೋನ್ ಯಾರ್ದು ಹೇಳ್ರಿ? ಅವ್ರ ಮಾವಾರದು. ಪಡಸಾಲ್ಯಾಗ ಕಂಬಕ್ಕ ಆನಿಸಿ ಇಡ್ತಾರ, ಬಾಜೂಕ ಖುರ್ಚಿ ಹಾಕ್ಕೊಂಡು ತಾವ ಕುಂದರ್ತಾರ. ಮಾವಾರ ಮುಂದ ಸೊಸಿ ದನಿ ಎತ್ತತಾಳೇನ್ರಿ? ಹಲ್ಲ ಕಿಸೀತಾಳೇನ್ರಿ?"

ಆ ಮಾವನವರು ಕೆಟ್ಟವರಲ್ಲ. ಸೊಸೆಯ ಸಭೆ ಮನೆಯ ಪಡಸಾಲೆಗೇ ಬಂದಿದೆ ಎಂದು ಅವರಿಗೆ ಹೆಮ್ಮೆ, ಅದಕ್ಕೇ ಕೂಡುತ್ತಿದ್ದರು. ಆದರೆ ಅವರು ಕೂತ ಮೇಲೆ ಅಲ್ಲಿ ಶಾಂತವ್ವ ಇರುತ್ತಿರಲಿಲ್ಲ, ಸಣ್ಣ ಸೊಸೆ ಇರುತ್ತಿದ್ದಳು. ಅವಳನ್ನು ಸಭೆಗೆ ಕರೆತಂದೆ ಎಂದು ನಾನು ತಿಳಿದಿದ್ದೆ. ನಿಜವಾಗಿ ಸಭೆಯನ್ನೇ ಹೊತ್ತು ಅವಳ ಮನೆಯೊಳಗೆ ಇಳಿಸಿದ್ದೆ. ಅವಳಿಗೆ ಬೇಕಿದ್ದದ್ದು ಮನೆಯಿಂದ ಹೊರಗಿನ ಒಂದು ದಿನ.

ಮಾವನವರನ್ನು ಎಬ್ಬಿಸಬೇಕಿತ್ತು. ಹಿರಿಯರಿಗೆ ಏಳಿ ಅನ್ನಲು ಬರುತ್ತದೆಯೇ? ಅವರೇ ಏಳಬೇಕು. ಬಹಳ ವಿಚಾರ ಮಾಡಿ ಮುಂದಿನ ಮಂಗಳವಾರ ಸಭೆ ಶುರುವಾದ ಕೂಡಲೇ, ಕಾಣದೆ ಕೂತಿದ್ದ ಅವರನ್ನೇ ಮಾತಾಡಿಸಿದೆ.

"ಕಾಕಾರ, ನಮಸ್ಕಾರ್ರಿ. ಆರಾಮದೀರೇನ್ರಿ?"

ಪಕ್ಕದಿಂದ ಕೆಮ್ಮು ಬಂತು. "ಆರಾಮದೀನ್ರಿ ಬಾಯಾರ. ನಡೀಲಿ, ನಡೀಲಿ ನಿಮ್ದು."

"ಇವತ್ತಿಂದ ಪ್ರತಿ ಸಭಾದಾಗ ಮೊದಲ ಹೆಣ್ಣಮಕ್ಕಳ ಆರೋಗ್ಯದ ವಿಷಯ ತಗೊಳ್ಳೋರದೀವ್ರಿ. ಮುಟ್ಟಿನ ಹೊಟ್ಟಿನೋವು, ಗರ್ಭಕೋಶ, ಬಿಳಿ ಹೋಗೋದು..."

ಮಾತು ಮುಗಿಸುವ ಮೊದಲೇ ಖುರ್ಚಿ ಸರಿದ ಸದ್ದಾಯಿತು. "ಏ ಸಣ್ಣಾಕಿ, ನಾ ಹೊಲದ ಕಡೆ ಹೋಗಿ ಬರ್ತೇನಿ" ಎಂಬ ದನಿ ದೂರವಾಯಿತು. ಅವರೊಬ್ಬರದೇ ಅಲ್ಲ, ಉಳಿದ ಚೌಕಗಳಲ್ಲೂ ಅಲ್ಲಲ್ಲಿ ಚಪ್ಪಲಿ ಮೆಟ್ಟುವ ಸದ್ದು, ಗಂಟಲು ಸರಿಪಡಿಸಿಕೊಳ್ಳುವ ಸದ್ದು. ಯಾವ ಯಾವ ಮನೆಯಲ್ಲಿ ಯಾರು ಯಾರು ಕೂತು ಕೇಳುತ್ತಿದ್ದರೆಂಬುದು ನನಗೆ ಆವತ್ತೇ ತಿಳಿದದ್ದು. ಆಮೇಲೆ ಶಾಂತವ್ವ ಸೆರಗು ಹಿಂದೆ ಸರಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ಬಿದ್ದು ಬಿದ್ದು ನಕ್ಕಳು.

"ಹೂಂ, ಮುಂದ?" ಎಂದು ನನ್ನದೇ ದನಿಯಲ್ಲಿ ಕೇಳಿದಳು.

ಸುಳ್ಳಾಗಬಾರದೆಂದು ಪ್ರತಿ ಸಲ ಮೊದಲಿಗೆ ಆ ವಿಷಯವನ್ನು ನಿಜವಾಗಿಯೂ ಮಾತಾಡುತ್ತಿದ್ದೆವು. ಒಳ್ಳೆಯದೇ ಆಯಿತು, ಯಾರಿಗೂ ಹೇಳದೆ ಎಷ್ಟೋ ದಿನದಿಂದ ನೋವು ತಿನ್ನುತ್ತಿದ್ದ ಗೌರವ್ವ ಡಾಕ್ಟರ ಹತ್ತಿರ ಹೋದಳು. ಹೊಸ ಹುಡುಗಿಯರೇ, ಸಭೆಯನ್ನು ಆಸಕ್ತಿಕರವಾಗಿ ನಡೆಸುವುದು ಹೇಗೆಂದು ಕೇಳುತ್ತೀರಲ್ಲ, ನನಗೆ ತಿಳಿದದ್ದು ಇಷ್ಟೇ. ಮಾತಾಡುವವಳ ಪಕ್ಕದ ಖುರ್ಚಿ ಮೊದಲು ಖಾಲಿಯಾಗಬೇಕು. ಮೈಕು, ಬೆಳಕು ಎಲ್ಲ ಆಮೇಲೆ.

ಅಲ್ಲಿಂದ ನಮ್ಮ ಪರದೆಯ ಸಭೆ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಅದೇ ನಮಗೆ ಮುಳುವಾಯಿತು.

ರೋಗದ ಕಾಲ ಕಳೆಯಿತು. ಬಸ್ಸುಗಳು ತುಂಬಿ ಓಡತೊಡಗಿದವು. ನಾನೂ ಕಚೇರಿಗೆ ಹೋಗತೊಡಗಿದೆ. ಪ್ರತಿ ಸಭೆಯ ಕೊನೆಗೆ ಶಾಂತವ್ವನದು ಒಂದೇ ಪ್ರಶ್ನೆ, "ಅಕ್ಕಾರ, ಧಾರವಾಡಕ್ಕ ಯಾವಾಗ ಕರಸ್ತೀರಿ?" ನಾನು ಮುಖ್ಯ ಕಚೇರಿಗೆ ಬರೆದೆ. ಮುರಳೀಧರ ಸರ್ ಫೋನು ಮಾಡಿದರು, ದನಿಯಲ್ಲಿ ಖುಷಿ.

"ಮೇಡಂ, ನಿಮ್ಮ ಮೀಟಿಂಗನ್ನೇ ಮಾದರಿ ಅಂತ ಎಲ್ಲ ಕಡೆ ತೋರಿಸ್ತಾ ಇದೀವಿ. ಹೆಲ್ತ್ ಮೊದಲು ಇಟ್ಟಿದೀರಲ್ಲ, ಅದಂತೂ ಬಹಳ ಚೆನ್ನಾಗಿದೆ. ಇನ್ಮೇಲೆ ಆ ಹೆಂಗಸರಿಗೆ ಓಡಾಡೋ ತಾಪತ್ರಯ ಬೇಡ. ಎಲ್ಲ ಆನ್‌ಲೈನ್."

"ಸರ್, ಅವರಿಗೆ ಆ ಓಡಾಟವೇ ಬೇಕು."

"ಯಾಕೆ ಮೇಡಂ? ಯಾವ ಕೆಲಸ ನಿಂತಿದೆ ಹೇಳಿ."

ಯಾವ ಕೆಲಸವೂ ನಿಂತಿರಲಿಲ್ಲ. ಏನು ಹೇಳಲಿ? ಎಣಗಾಯಿ ಎನ್ನಲೇ? ಬಸ್ಸಿನ ಕಿಟಕಿ ಎನ್ನಲೇ? ಅಂದೂಬಿಟ್ಟೆ. ಹೆಬ್ಬಳ್ಳಿಯಲ್ಲಿ ಒಬ್ಬಳಿದ್ದಾಳೆ ಸರ್, ಅವಳಿಗೆ ತಿಂಗಳಿಗೆ ಅದೊಂದೇ ದಿನ ಎಂದೆ. ಅವರು, "ಅದು ಸರಿ ಮೇಡಂ, ಆದರೆ ಅದನ್ನ ಕಾರಣ ಅಂತ ಬರೆಯೋಕಾಗಲ್ವಲ್ಲ" ಅಂದರು. ಅವರದು ತಪ್ಪೆಂದು ನಾನು ಈಗಲೂ ಹೇಳಲಾರೆ. ಸಿಟ್ಟಂತೂ ಬಂದಿತ್ತು, ಆ ದಿನ ಟೈಪಿಸ್ಟ್ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ.

ಮುಂದಿನ ಸಭೆಯಲ್ಲಿ ವಿಷಯ ತಿಳಿಸಿದೆ.

"ಹಂಗಾರ ಧಾರವಾಡ ಮುಗೀತೇನ್ರಿ ಅಕ್ಕಾರ?" ಎಂದಳು ಶಾಂತವ್ವ.

"ಸದ್ಯಕ್ಕ ಹಂಗನ ಅದ ನೋಡವಾ."

"ಆತ್ರಿ" ಅಂದು ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಆಗ ಪಕ್ಕದಲ್ಲಿ ಯಾರೂ ಇರಲಿಲ್ಲ.

ಹಿಂದಿನ ಕೋಣೆಯನ್ನು ಸಾಮಾನು ತುಂಬಲು ಬಿಟ್ಟುಕೊಟ್ಟರು. ಒಮ್ಮೆ ಏನೋ ಹುಡುಕಲು ಬಾಗಿಲು ತೆಗೆದೆ. ಮುರಿದ ಖುರ್ಚಿಗಳು, ರಟ್ಟಿನ ಡಬ್ಬಿಗಳು. ಜಮಖಾನೆಯನ್ನು ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿದ್ದರು. ಹುಡುಕಲು ಬಂದದ್ದು ಮರೆತುಹೋಯಿತು. ಅಲ್ಲಿ ಸುತ್ತಲೂ ಮಂದಿ ಕೂತಿರುವಾಗ ನನಗೆ ತಲೆನೋವು ಬರುತ್ತಿತ್ತು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ, ಮೆಲ್ಲಗ್ರಬೇ ಎಂದು ಗದರಿಸಿ ಗದರಿಸಿ ಗಂಟಲು ಒಣಗುತ್ತಿತ್ತು. ಆ ಗದ್ದಲ ಒಂದೇ ಒಂದು ದಿನ ಮತ್ತೆ ಸಿಕ್ಕರೆ ಸಾಕು ಅನಿಸಿ ಕಣ್ಣಲ್ಲಿ ನೀರು ಬಂತು. ಪರದೆಯ ಮೇಲೆ ಒಬ್ಬರು ಮಾತಾಡುವಾಗ ಉಳಿದವರ ದನಿ ಮುಚ್ಚುವುದನ್ನು ಅವರಿಗೆ ಕಲಿಸಿದವಳು ನಾನೇ. ಚೆನ್ನಾಗಿಯೇ ಕಲಿತಿದ್ದರು.

ಕೆಲವು ತಿಂಗಳು ಹೀಗೇ ಸಾಗಿತು. ಒಂದು ಮಂಗಳವಾರ ಕಚೇರಿಯಲ್ಲಿ ಲಿಂಕು ತೆರೆದು ಕೂತೆ. ಯಾರೂ ಬರಲಿಲ್ಲ. ಕಾದೆ. ಕಡೆಗೆ ಒಂದೇ ಒಂದು ಚೌಕ ತೆರೆಯಿತು, ರಜಿಯಾಬಿಯದು. ತೆರೆದದ್ದೇ ದೊಡ್ಡ ಗದ್ದಲ. ಅವಳ ಹೊಲಿಗೆಯ ಕೋಣೆಯಲ್ಲಿ ಎಲ್ಲರೂ ಒತ್ತಿ ಕೂತಿದ್ದರು. ಗೌರವ್ವ, ನವಲಗುಂದದ ರಸ್ತೆಯ ಕಡೆಯವರು, ಎಲ್ಲರೂ. ಮುಂದುಗಡೆ ಶಾಂತವ್ವ, ಸೆರಗು ಹೆಗಲ ಮೇಲೆ.

"ಇದೇನಿದು?" ಎಂದೆ.

"ಮಾವಾರ ಕಳಿಸ್ಯಾರ್ರಿ ಅಕ್ಕಾರ!" ಶಾಂತವ್ವನಿಗೆ ನಗು ತಡೆಯದು. "ತಿಂಗಳ ತಿಂಗಳ ನಾ ಯಾಕ ನನ್ನ ಪಡಸಾಲಿ ಬಿಟ್ಟು ಬಿಸಲಾಗ ತಿರಗ್ಲಿ ಅಂದ್ರು. ನಿಮ್ಮ ಆ ಮಾತು ಮನ್ಯಾಗ ಬ್ಯಾಡವಾ, ಎಲ್ಲ್ಯಾರ ಹೆಂಗಸರಿದ್ದಲ್ಲೆ ಹೋಗಿ ಮುಗಿಸ್ಕೊಂಡು ಬಾ ಅಂತ ತಾವ ನನ್ನ ಟೆಂಪೋ ಹತ್ತಿಸಿ ಕಳಿಸಿದ್ರು. ಇವರ ಮನ್ಯಾಗೂ ಇದ ಕಥಿ."

ನಾನು ಎಷ್ಟು ದಿನದ ಮೇಲೆ ಹಾಗೆ ನಕ್ಕೆನೋ. ಅಷ್ಟರಲ್ಲಿ ಮುರಳೀಧರ ಸರ್ ಪರದೆಗೆ ಬಂದರು. ಇಬ್ಬರೇ ಹಾಜರಿದ್ದಾರೆ ಎಂದು ಅವರ ಗಣಕಯಂತ್ರ ತೋರಿಸುತ್ತಿತ್ತು. ಒಬ್ಬೊಬ್ಬರೂ ಅವರವರ ಮನೆಯಿಂದಲೇ ಸೇರಲಿ ಎಂದರು.

"ಆಗೋದಿಲ್ಲ ಸರ್. ಅಮ್ಮಿನಬಾವಿ ಬಿಟ್ಟರೆ ಬೇರೆ ಕಡೆ ಸಿಗ್ನಲ್ ಇಲ್ಲ."

ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಮೇಲಧಿಕಾರಿಗೆ ಇಷ್ಟು ಚೊಕ್ಕಟವಾದ ಸುಳ್ಳನ್ನು ಹೇಳಿದ್ದು ಅದೊಂದೇ ಸಲ. ಆ ಕೋಣೆಯಲ್ಲಿ ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಸರ್ ನಂಬಿದರೋ, ಸಾಕಾಗಿ ಬಿಟ್ಟರೋ, ಹೋದರು.

ಸಭೆ ಮುಗಿಯುವ ಹೊತ್ತಿಗೆ, ಮನೆಯಲ್ಲಿ ಉಣ್ಣದೆ ಬಂದಿದ್ದ ಅವರು ರೊಟ್ಟಿಗಂಟು ಬಿಚ್ಚಿದರು. ಎಣಗಾಯಿಯ ಡಬ್ಬಿ ನಡುವೆ ಬಂತು. ನಾನು ಕಚೇರಿಯ ಮೇಜಿನ ಮುಂದೆ ಒಬ್ಬಳೇ ಕೂತು ನೋಡಿದೆ.

"ನೀವೂ ಇಲ್ಲೇ ಬಂದಬಿಡ್ರಲ್ಲ ಅಕ್ಕಾರ, ಎಷ್ಟ ದೂರ ಅದ?" ಎಂದಳು ಶಾಂತವ್ವ.

ದೂರವೇನೂ ಇರಲಿಲ್ಲ. ಆದರೆ ಆ ಪುಕ್ಕಟೆ ಲಿಂಕು ಬಿಟ್ಟು ಕಚೇರಿ ಈಗ ದುಡ್ಡು ಕೊಟ್ಟು ಬೇರೆ ಲಿಂಕು ತೆಗೆದುಕೊಂಡಿತ್ತು, ಅದನ್ನು ಕಚೇರಿಯ ಯಂತ್ರದಿಂದಲೇ ತೆರೆಯಬೇಕು, ತೆರೆದವರು ಎದ್ದರೆ ಸಭೆ ಮುಗಿದ ಲೆಕ್ಕ. ನಾನು ಅಮ್ಮಿನಬಾವಿಗೆ ಹೋದರೆ ಲಿಂಕಿಲ್ಲ, ಲಿಂಕಿಲ್ಲದಿದ್ದರೆ ಸಭೆಯಿಲ್ಲ, ಸಭೆಯಿಲ್ಲದಿದ್ದರೆ ಮಾವನವರು ಸೊಸೆಯನ್ನು ಯಾಕೆ ಟೆಂಪೋ ಹತ್ತಿಸುತ್ತಾರೆ? ಅವರು ಒಂದು ಕಡೆ ಸೇರಬೇಕಾದರೆ ನಾನು ಇನ್ನೊಂದು ಕಡೆ ಕೂಡಲೇಬೇಕಿತ್ತು. ಹೀಗಾಗಿ ನೌಕರಿ ಮುಗಿಯುವವರೆಗೂ ಪ್ರತಿ ಎರಡನೇ ಮಂಗಳವಾರ ಕೂತೆ. ಕೆಲಸದ ಮಾತು ಮುಗಿದ ಮೇಲೂ ಲಿಂಕು ತೆರೆದೇ ಇಡುತ್ತಿದ್ದೆ. ಅವರು ಉಣ್ಣುತ್ತಿದ್ದರು, ನಗುತ್ತಿದ್ದರು, ಒಮ್ಮೊಮ್ಮೆ ನಾನಿರುವುದನ್ನೇ ಮರೆತು ಬೆನ್ನು ತಿರುಗಿಸಿ ಕೂತು ಮಾತಾಡುತ್ತಿದ್ದರು. ನನಗೆ ಅದು ಸಂತೋಷವೇ. ಆದರೂ ಆ ಗುಂಪಿನ ನಡುವೆ ಒಂದಿಷ್ಟು ಜಾಗ ನನಗೆ ಯಾರೂ ಇಟ್ಟಿಲ್ಲ ಎಂದು ಅನಿಸುತ್ತಿತ್ತು. ಸಣ್ಣ ಮಕ್ಕಳ ಹಾಗೆ, ಹೌದು, ಅನಿಸುತ್ತಿತ್ತು.

ನಿವೃತ್ತಳಾದೆ. ನನ್ನ ಖುರ್ಚಿಗೆ ಕಾವ್ಯಾ ಎಂಬ ಹುಡುಗಿ ಬಂದಳು, ಚುರುಕಿನವಳು. ಲಿಂಕಿನ ವಿಷಯ, ಸಿಗ್ನಲ್ಲಿನ ವಿಷಯ, ಹೆಂಗಸರ ಆರೋಗ್ಯದ ವಿಷಯ ಎಲ್ಲ ಅವಳ ಕಿವಿಗೆ ಹಾಕಿದೆ. ಅದರ ಮುಂದಿನ ಎರಡನೇ ಮಂಗಳವಾರ ನಾನು ಬಸ್ಸು ಹತ್ತಿ ಅಮ್ಮಿನಬಾವಿಗೆ ಹೋದೆ.

ಆಗಿನ ಗದ್ದಲ ಏನು ಹೇಳಲಿ. ಶಾಂತವ್ವ ನನ್ನ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ. ಪರದೆಯಲ್ಲಿ ಕಂಡದ್ದಕ್ಕಿಂತ ಆ ಕೋಣೆ ಬಹಳ ಸಣ್ಣದು, ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಹೊಲಿಗೆ ಯಂತ್ರದ ಹಲಗೆಯ ಮೇಲೆ ನೂಲಿನ ಡಬ್ಬಿಗೆ ಆನಿಸಿ ಫೋನು ನಿಲ್ಲಿಸಿದ್ದರು. ಹೊತ್ತಿಗೆ ಸರಿಯಾಗಿ ಕಾವ್ಯಾ ಪರದೆಯ ಮೇಲೆ ಬಂದಳು. ಹಿಂದೆ ನನ್ನದೇ ಗೋಡೆ, ನನ್ನದೇ ಕಪಾಟು. ಅಷ್ಟು ದೊಡ್ಡ ಕಚೇರಿಯಲ್ಲಿ ಅವಳೊಬ್ಬಳೇ. ಇವರಿಗೆ ಇಷ್ಟು ವರ್ಷ ನಾನು ಹೀಗೆ ಕಾಣುತ್ತಿದ್ದೆನಲ್ಲ ಅನಿಸಿತು.

ರಜಿಯಾಬಿ ಚಹಾ ತಂದಳು. ತಟ್ಟೆಯಿಂದ ಮೊದಲ ಕಪ್ಪುಬಸಿ ಎತ್ತಿ ನನಗೂ ಕೊಡಲಿಲ್ಲ, ಯಾರಿಗೂ ಕೊಡಲಿಲ್ಲ. ಫೋನಿನ ಮುಂದೆ, ಹಲಗೆಯ ಮೇಲೆ ಇಟ್ಟಳು. ಇಟ್ಟ ಮೇಲೆ ಉಳಿದವರಿಗೆ ಹಂಚತೊಡಗಿದಳು.

"ಅದ ಯಾರಿಗೆ ಬೇ?" ಎಂದೆ.

"ಬಾಯಾರಿಗ್ರಿ, ಕಾವ್ಯಾ ಬಾಯಾರಿಗೆ. ಸಭಾ ನಡಸೋರ ಮುಂದ ಇಡದ ನಾವ ಹೆಂಗ ಕುಡಿಯೋದ್ರಿ?" ಇದನ್ನೂ ಕೇಳುತ್ತಾರೇನು ಎಂಬಂತೆ ರಜಿಯಾಬಿ ನನ್ನನ್ನು ನೋಡಿದಳು. "ನಿಮ್ಮ ಮುಂದೂ ಇಡ್ತಿದ್ದಿವ್ರಿ. ಮೊದಲನೇ ದಿವಸದಿಂದ."

"ಮತ್ತ ಆ ಚಾ ಏನ ಮಾಡ್ತಿದ್ರಿ?" ಎಂದು ಕೇಳಿದೆ.

"ನೀವು ಹೋದಮ್ಯಾಲೆ ನಾ ಕುಡೀತಿದ್ದೆ ರೀ" ಎಂದಳು ಶಾಂತವ್ವ, ನನ್ನ ಕೈ ಹಿಡಿದುಕೊಂಡೇ. "ಆರಿ ತಣ್ಣಗಾಗಿರತಿತ್ರಿ. ಯಾರಿಗೂ ಕೊಡ್ತಿರಲಿಲ್ಲ."

ನನ್ನ ಪಾಲಿನ ಚಹಾ ಕೈಗೆ ಬಂತು, ಸುಡುತ್ತಿತ್ತು. ಅದನ್ನು ಕುಡಿಯಲು ನನಗೆ ಬಹಳ ಹೊತ್ತು ಹಿಡಿಯಿತು. ಪರದೆಯ ಮೇಲೆ ಕಾವ್ಯಾ ಒಬ್ಬೊಬ್ಬರ ಹೆಸರು ಹಿಡಿದು ಆರಾಮೇನ್ರಿ ಎಂದು ಕೇಳುತ್ತಿದ್ದಳು. ಫೋನಿನ ಕ್ಯಾಮೆರಾ ನಮ್ಮ ಮುಖಗಳ ಕಡೆ ಇತ್ತು, ಕೆಳಗಿಟ್ಟ ಕಪ್ಪುಬಸಿ ಅವಳಿಗೆ ಕಾಣುತ್ತಿರಲಿಲ್ಲ.